ಕಾಲು ತೊಳೆಯುವ ನೀರು

ಕೆರೆ ಒಡೆದದ್ದು ಮಂಗಳವಾರ. ಸೇವೆಯ ಜೀಪು ಬಂದದ್ದು ಶುಕ್ರವಾರ. ನಡುವಿನ ದಿನಗಳಲ್ಲಿ ಬನ್ನಿಕಟ್ಟಿಯ ಮಾದಿಗರ ಕೇರಿಗೆ ನೊಣ ಬಿಟ್ಟರೆ ಬೇರೆ ಯಾರೂ ಬಂದಿರಲಿಲ್ಲ.

ಚಿಗಟೇರಿಯಿಂದ ಏಳೆಂಟು ಮೈಲಿ ಒಳಗಿನ ಊರು ಅದು. ಏರಿ ಕಿತ್ತುಕೊಂಡು ಹೋದಾಗ ನೀರು ಮೊದಲು ನುಗ್ಗಿದ್ದು ಕೇರಿಗೆ. ಕೇರಿ ತಗ್ಗಿನಲ್ಲಿತ್ತು. ತಗ್ಗಿನಲ್ಲಿ ಯಾಕಿತ್ತು ಎಂದು ಕೇಳಬೇಡಿ, ಎಲ್ಲ ಊರಲ್ಲೂ ಕೇರಿ ಎಲ್ಲಿರುತ್ತದೋ ಅಲ್ಲೇ ಇತ್ತು. ಮೂವತ್ತು ಮನೆಗಳಲ್ಲಿ ಗೋಡೆ ನಿಂತದ್ದು ಐದರದು. ಬೋರಿಂಗಿನ ಬಾಯಿತನಕ ಕೆಸರು ತುಂಬಿತ್ತು. ಮೇಲೋಣಿಯಲ್ಲಿ ನೀರು ಮನೆಗಳ ಮೆಟ್ಟಿಲು ಮುಟ್ಟಿ ವಾಪಸು ಹೋಯಿತು. ಆದರೆ ಅವರ ಹಿತ್ತಿಲ ಕೊಟ್ಟಿಗೆಗಳು ಹಳ್ಳದ ಕಡೆಗಿದ್ದವು. ಕಟ್ಟಿದ್ದ ದನ ಕಟ್ಟಿದಲ್ಲೇ ಸತ್ತವು. ಒಟ್ಟು ಹನ್ನೊಂದು.

ಜೀಪಿನಿಂದ ಇಳಿದ ಏಳು ಮಂದಿಯಲ್ಲಿ ಸಮತಾ ಒಬ್ಬಳು. ಕೂಡ್ಲಿಗಿಯವಳು, ನರ್ಸು. 'ಒಲವಿನ ಹಸ್ತ' ಎಂಬ ಆ ಕ್ರೈಸ್ತ ತಂಡದವರು ನಡೆಸುವ ಸಣ್ಣ ಆಸ್ಪತ್ರೆಯಲ್ಲಿ ನಾಲ್ಕು ವರ್ಷದಿಂದ ಕೆಲಸಕ್ಕಿದ್ದಳು. ಈ ಸೇವೆಗೆ ಅವಳನ್ನು ಯಾರೂ ಬಲವಂತ ಮಾಡಿರಲಿಲ್ಲ. ತಾನೇ ರಜೆ ಬರೆದುಕೊಟ್ಟು ಜೀಪು ಹತ್ತಿದ್ದಳು. ಅವಳ ಅಜ್ಜ ಪಕ್ಕೀರಪ್ಪ ಒಂದು ದಿನ ಸತ್ತ ಎತ್ತನ್ನು ಎಳೆಯುತ್ತಿದ್ದ ಹಗ್ಗ ಊರ ನಡುವೆ ಬಿಸಾಕಿ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಚರ್ಚಿಗೆ ನಡೆದಿದ್ದ. ಅಂದಿನಿಂದ ಆ ಮನೆಯಲ್ಲಿ ಯಾರೂ ಹೆಣ ಮುಟ್ಟಿರಲಿಲ್ಲ. ಕರ್ತನ ಮುಂದೆ ಎಲ್ಲರೂ ಒಂದೇ ಎಂಬ ಮಾತನ್ನು ಅಜ್ಜ ನಂಬಿದ್ದ, ಅಪ್ಪ ನಂಬಿದ್ದ, ಸಮತಾಳೂ ನಂಬಿದ್ದಳು. ನಂಬಿದ್ದು ತಪ್ಪೇನಲ್ಲ ಬಿಡಿ. ಅದನ್ನು ಹೇಳುವವರ ಬಾಯಿ ನೋಡಿ ನಂಬಿದ್ದು ತಪ್ಪು.

ಕೇರಿಯ ಜನ ಶಾಲೆಯ ಪಡಸಾಲೆಯಲ್ಲಿದ್ದರು. ಗುಂಡಿಯ ನೀರನ್ನು ಸೀರೆಯ ಸೆರಗಿನಲ್ಲಿ ಸೋಸಿ ಕುಡಿಯುತ್ತಿದ್ದರು. ನಾಲ್ಕು ಮಕ್ಕಳಿಗೆ ಭೇದಿ ಹಿಡಿದಿತ್ತು. ಒಂದಕ್ಕೆ ಕಣ್ಣು ಗುಳಿ ಬಿದ್ದು, ಹೊಟ್ಟೆಯ ಚರ್ಮ ಚಿವುಟಿದರೆ ಹಾಗೇ ನಿಲ್ಲುತ್ತಿತ್ತು. ಸಮತಾ ಕೂತಲ್ಲೇ ಉಪ್ಪು ಸಕ್ಕರೆಯ ನೀರು ಕಲೆಸಿದಳು. ಕಲೆಸಲು ಒಳ್ಳೆಯ ನೀರಿದ್ದದ್ದು ಅವಳ ಬಾಟಲಿಯಲ್ಲಿ ಮಾತ್ರ.

ತಂಡ ಪಿಕಪ್ಪಿನಲ್ಲಿ ಒಂದು ಕರಿ ಟಾಕಿ ತಂದಿತ್ತು. ಸಾವಿರ ಲೀಟರಿನದು, ಬದಿಗೆ ಸೋಸುವ ಪೆಟ್ಟಿಗೆ, ಕೆಳಗೆ ಎರಡು ನಲ್ಲಿ. ಒಂದು ತಿಂಗಳು ದಿನಾ ಟ್ಯಾಂಕರ್ ಬಂದು ಅದನ್ನು ತುಂಬುವುದೆಂದು ಮಾತಾಗಿತ್ತು. ಕೇರಿಯ ಹಿರಿಯಳು ಹಂಪಮ್ಮ ಅದನ್ನೇ ನೋಡುತ್ತ ನಿಂತಿದ್ದಳು. ಐವತ್ತು ದಾಟಿದ ಹೆಂಗಸು. ಮೈಯಲ್ಲಿ ಮಾಂಸವಿರಲಿಲ್ಲ, ದನಿ ಮಾತ್ರ ಗಟ್ಟಿ. ತಂಡದ ಮುಂದಾಳು ಅರುಣಕುಮಾರ್ ಕಂಬಳಿ ಕೊಡಲು ಬಂದಾಗ ಅವಳು ಕೈ ಚಾಚಲಿಲ್ಲ.

"ಯಪ್ಪಾ, ಕಂಬಳಿ ಆಮ್ಯಾಲೆ ಕೊಡ್ರಿ. ಆ ಟಾಕಿ ನಮ್ಮ ಕೇರ್ಯಾಗ ಇಳಸ್ರಿ. ನಮಗ ಬ್ಯಾರೆ ಏನೂ ಬ್ಯಾಡ."

"ಊರಲ್ಲಿ ಬೋರ್‌ವೆಲ್ ಇಲ್ವಾ ಅಮ್ಮಾ?"

"ಮ್ಯಾಲೋಣ್ಯಾಗ ಐತ್ರಿ. ನೀರು ಕೆಂಪಗ ಬರ್ತೈತಿ. ಕೆಂಪಗಾದ್ರೂ ನೀರು ನೀರ ಅಲ್ಲೇನ್ರಿ? ಆದ್ರ ನಾವು ನಲ್ಲಿ ಮುಟ್ಟಂಗಿಲ್ಲ. ಕೊಡ ಇಟಗೊಂಡು ದೂರ ಕುಂದರಬೇಕು. ಅವರ ಪೈಕಿ ಯಾರರ ಬಂದು ಮ್ಯಾಲಿಂದ ಸುರೀಬೇಕು. ಬಂದ್ರ ಬಂದ್ರು, ಇಲ್ಲಂದ್ರ ಇಲ್ಲ. ಈಗ ಅವರಿಗೂ ಸಾಲವಲ್ದು, ಯಾರೂ ಸುರೀವಲ್ರು. ನಮ್ಮ ನಲ್ಲಿ ನಾವ ತಿರುವಬೇಕ್ರಿ. ಅಷ್ಟು ಮಾಡಿಕೊಡ್ರಿ."

ಅರುಣಕುಮಾರ್ ಕಣ್ಣು ಮುಚ್ಚಿದ. ಒಳ್ಳೆಯ ಕಂಠ ಅವನದು, ಪ್ರಾರ್ಥನೆಗೆ ನಿಂತರೆ ಹತ್ತು ಜನ ಅಳಬೇಕು. ಹಂಪಮ್ಮನ ತಲೆಯ ಮೇಲೆ ಒಂದು ಗೇಣು ಎತ್ತರದಲ್ಲಿ ಕೈ ಹಿಡಿದು, "ಕರ್ತನೇ, ಈ ಬಾಯಾರಿದ ಜನಕ್ಕೆ ನೀನೇ ನೀರಾಗು" ಎಂದ. ಕಣ್ಣು ತೆರೆದು, "ಟ್ಯಾಂಕು ಇಲ್ಲೇ ನಿಲ್ಲುತ್ತೆ ಅಮ್ಮಾ" ಎಂದ. ಸಮತಾ ಓಡಿಹೋಗಿ ಕೆಸರು ಕಡಿಮೆ ಇದ್ದ ಕಡೆ ನಾಲ್ಕು ಕಲ್ಲು ಹೊಂದಿಸಿ ಜಾಗ ಗುರುತು ಮಾಡಿ ಬಂದಳು. ಅಷ್ಟು ಖುಷಿಯಾಗಿತ್ತು ಅವಳಿಗೆ.

ಊಟಕ್ಕೆ ಕರೆ ಬಂದದ್ದು ಮೇಲೋಣಿಯ ಸಾವ್ಕಾರ ಕೊಟ್ರಸ್ವಾಮಿಯ ಮನೆಯಿಂದ. ಮೆಕ್ಕೆಜೋಳದ ವ್ಯಾಪಾರ, ನಲವತ್ತು ಎಕರೆ ಹೊಲ, ಊರಿಗೆ ಅವನದೇ ಮಾತು. ಒರಟ ಅಲ್ಲ. ಅಂಥವರು ಈಗೆಲ್ಲಿ ಒರಟಾಗಿರುತ್ತಾರೆ? ಕೈ ಮುಗಿದು, ಚಾಪೆ ಹಾಸಿ, ಅರುಣಕುಮಾರನನ್ನು ಪಕ್ಕದಲ್ಲಿ ಕೂರಿಸಿಕೊಂಡ.

"ಬೆಂಗಳೂರಂದ್ರಿ. ಮೂಲ ಯಾವೂರು ತಮ್ಮದು?"

"ಅಜ್ಜನ ಕಾಲದಲ್ಲಿ ನೀಲಗುಂದ ಕಡೆಯವರು ಅಂತಾರೆ."

"ನೀಲಗುಂದದಾಗ ಯಾರ ಪೈಕಿ?"

ಅರುಣಕುಮಾರ್ ಅಜ್ಜನ ಹೆಸರು ಹೇಳಿದ. ಅಜ್ಜ ಇಟ್ಟಿದ್ದ ಅಂಗಡಿಯ ಹೆಸರನ್ನೂ ಹೇಳಿದ. ಕೊಟ್ರಸ್ವಾಮಿಯ ಮುಖ ಅರಳಿತು.

"ಅಯ್ಯ, ನಮ್ಮವರ ಬಿಡ್ರಿ ಹಂಗಾದ್ರ! ಮತ ಬದಲಾದ್ರೇನು, ಮನೆತನ ಬದಲಾಗ್ತೈತೇನ್ರಿ?"

ಅರುಣಕುಮಾರ್ ನಕ್ಕ. ಅಲ್ಲ ಎನ್ನಬಹುದಿತ್ತು. ಅನ್ನಲಿಲ್ಲ. ಆಮೇಲೆ ಸಾವ್ಕಾರನ ಕಣ್ಣು ಸಮತಾಳ ಕಡೆ ತಿರುಗಿತು.

"ಈ ತಂಗಿ?"

"ಕೂಡ್ಲಿಗಿ" ಎಂದಳು ಸಮತಾ.

"ಕೂಡ್ಲಿಗ್ಯಾಗ ಯಾವ ಕಡೆ?"

"ಚರ್ಚಿನ ಹತ್ರ."

ಕೊಟ್ರಸ್ವಾಮಿ "ಹಂ" ಎಂದ. ಇನ್ನೇನೂ ಕೇಳಲಿಲ್ಲ. ಕೇಳುವುದು ಬೇಕಿರಲಿಲ್ಲ.

ಊಟವಾದ ಮೇಲೆ ಅರುಣಕುಮಾರ್ ಸಮತಾಳನ್ನು ಅಂಗಳಕ್ಕೆ ಕರೆದ. ಕೊಟ್ಟಿಗೆಗಳ ಕಡೆಯಿಂದ ಗಬ್ಬು ವಾಸನೆ ಹೊಡೆಯುತ್ತಿತ್ತು. ಅವನು ಕರ್ಚೀಫು ಮೂಗಿಗಿಟ್ಟುಕೊಂಡೇ ಮಾತಾಡಿದ.

"ಸಿಸ್ಟರ್, ಆ ದನಗಳನ್ನ ತೆಗೆಸಬೇಕು. ರೋಗ ಹಬ್ಬುತ್ತೆ. ಜೆಸಿಬಿಗಳೆಲ್ಲ ಬೇರೆ ಊರುಗಳಲ್ಲಿವೆ, ಇಲ್ಲಿಗೆ ಬರೋಕೆ ಇನ್ನೂ ನಾಲ್ಕು ದಿನ ಅಂತಾರೆ. ಸಾವ್ಕಾರ್ರು ಒಂದು ಮಾತು ಹೇಳಿದ್ರು. ಕೇರಿಯವರು ನಾಳೆ ಒಂದಿನ ಎಳೆದು ಹಾಕಿಬಿಟ್ರೆ, ಭಾನುವಾರ ಟ್ಯಾಂಕು ಕೇರಿಯಲ್ಲಿ ಇಡೋಕೆ ಅವರದೇನೂ ತಕರಾರಿಲ್ವಂತೆ."

"ಟ್ಯಾಂಕು ನಮ್ಮದಲ್ವಾ ಬ್ರದರ್? ಅವರ ತಕರಾರು ಯಾಕೆ ಬರ್ತದೆ?"

"ಊರಲ್ಲಿ ಸಮಾಧಾನ ಇರಬೇಕಲ್ವಾ. ನಾವು ಹೋದ ಮೇಲೂ ಅವರು ಜೊತೆಗೇ ಬಾಳಬೇಕು." ಸ್ವಲ್ಪ ತಡೆದು, "ನೀವು ಹೋಗಿ ಹೇಳಿ. ನೀವು ಹೇಳಿದ್ರೆ ಅವರು ಕೇಳ್ತಾರೆ" ಎಂದ.

"ನಾನೇ ಯಾಕೆ?"

ಅವನು ಕರ್ಚೀಫು ಮಡಚಿ ಜೇಬಿಗಿಟ್ಟ. ಭುಜ ತಟ್ಟುವವನಂತೆ ಕೈ ಎತ್ತಿ, ತಟ್ಟದೆ ಇಳಿಸಿದ. ಏಳು ಜನರ ತಂಡದಲ್ಲಿ ಬೆಂಗಳೂರಿನ ಹುಡುಗರಿದ್ದರು, ಕೇರಳದವರಿಬ್ಬರಿದ್ದರು. ಹೆಣ ಎಳೆಯಿರಿ ಎಂದು ಹೇಳಲು ಕೂಡ್ಲಿಗಿಯ ಪಕ್ಕೀರಪ್ಪನ ಮೊಮ್ಮಗಳೇ ಬೇಕಾಗಿದ್ದಳು. ಸಮತಾಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಆದರೆ ಗುಳಿ ಬಿದ್ದ ಕಣ್ಣಿನ ಆ ಮಗು ನೆನಪಾಗಿ ಶಾಲೆಯ ಕಡೆ ನಡೆದಳು.

ಹಂಪಮ್ಮ ಎಲ್ಲ ಕೇಳಿಸಿಕೊಂಡಳು. ಕೊನೆಗೆ ಕೇಳಿದಳು.

"ನೀ ಯಾರ ಪೈಕಿ ಬೇ?"

"ನಾವು ಕ್ರಿಶ್ಚನ್ರು."

"ಅದು ಕೊಳ್ಳಾಗಿನ ಶಿಲುಬಿ ನೋಡಿದ್ರ ಗೊತ್ತಾಕ್ಕತಿ. ಅದಕ್ಕಿಂತ ಮುಂಚೆ?"

ಸಮತಾ ನೆಲ ನೋಡಿದಳು. "ನಿಮ್ಮವರ. ನಮ್ಮಜ್ಜ ಈ ಕೆಲಸ ಬಿಟ್ಟು ಬಂದಾತ."

"ಬಿಟ್ಟು ಬಂದಾತನ ಮಮ್ಮಗಳು ಬಂದು ನಮಗ ಮಾಡ್ರಿ ಅಂತಿ."

ಹಂಪಮ್ಮ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಕೇರಿಯ ಗಂಡಸರಲ್ಲಿ ಅರ್ಧ ಜನ ಕಾಫಿ ತೋಟದ ಕೆಲಸಕ್ಕೆ ಹೋದವರು ಇನ್ನೂ ವಾಪಸಾಗಿರಲಿಲ್ಲ. ಇದ್ದವರು ಗೊಣಗಿದರು. ನಾಗಪ್ಪ ಎಂಬಾತ ಎದ್ದು ನಿಂತು, "ಹದಿನೈದು ವರ್ಸ ಆತು ನಾವು ಇದನ್ನ ಬಿಟ್ಟು. ಬಿಡಬೇಕಾದ್ರ ಏಟು ತಿಂದು ಬಿಟ್ಟೀವಿ. ಈಗ ನೀರು ತೋರಿಸಿ ಮತ್ತ ಕುತ್ತಿಗಿಗೆ ಹಗ್ಗ ಹಾಕ್ತಾರೇನು?" ಎಂದು ಕೂಗಾಡಿದ. ಕಣ್ಣು ಗುಳಿ ಬಿದ್ದ ಆ ಮಗು ಅವನದೇ. ಕೂಗಿ ಕೂಗಿ ಕೊನೆಗೆ ಅದರ ಪಕ್ಕ ಕುಸಿದು ಕೂತ.

"ಎಳಿತೀವಿ" ಎಂದಳು ಹಂಪಮ್ಮ. "ಟಾಕಿ ಬಂದ್ರ ಸಾಕು. ಇದೊಂದು ಸಲ ಎಳಿತೀವಿ. ಖರೇ ಬರ್ತೈತಲ್ಲ ಬೇ ಟಾಕಿ?"

"ಬರ್ತೈತಿ ಯಮ್ಮಾ. ನಾ ಹೇಳ್ತೀನಿ." ಹೇಳುವಾಗ ಸಮತಾಳಿಗೆ ಅದು ನಿಜವೇ ಆಗಿತ್ತು.

ಸತ್ತ ದನ ಎಳೆಯುವುದಕ್ಕೂ ಒಂದು ವಿದ್ಯೆ ಇದೆ. ಬಾಲ ಹಿಡಿಯಬಾರದು, ಕಿತ್ತು ಕೈಗೆ ಬರುತ್ತದೆ. ನಾಲ್ಕು ದಿನದ ಹೆಣವಾದರೆ ಕಾಲನ್ನೂ ನಂಬುವಂತಿಲ್ಲ. ಕೊಂಬಿನ ಬುಡಕ್ಕೆ ಒಂದು ಹಗ್ಗ, ಮುಂಗಾಲಿನ ಹಿಂದೆ ಎದೆ ಸುತ್ತ ಇನ್ನೊಂದು. ಹೊಟ್ಟೆ ಉಬ್ಬಿದ್ದರೆ ಅದರ ಎದುರಿಗೆ ನಿಲ್ಲಬಾರದು. ಹದಿನೈದು ವರ್ಷ ಬಿಟ್ಟಿದ್ದರೂ ಹಂಪಮ್ಮನ ಕೈ ಒಂದನ್ನೂ ಮರೆತಿರಲಿಲ್ಲ. ಅದಕ್ಕೇ ಅವಳಿಗೆ ಹೆಚ್ಚು ಸಿಟ್ಟು ಬಂದಿತ್ತು.

ಶನಿವಾರ ಬೆಳಿಗ್ಗೆ ಸಮತಾ ಔಷಧದ ಪೆಟ್ಟಿಗೆಯಿಂದ ಒಂದು ಡಬ್ಬಿ ಕೈಗವಸು ಎತ್ತಿಕೊಂಡಳು.

"ಸಿಸ್ಟರ್, ಅದು ಮೆಡಿಕಲ್ ಕ್ಯಾಂಪಿಗೆ" ಎಂದ ಅರುಣಕುಮಾರ್.

"ಗೊತ್ತು" ಎಂದು ಎತ್ತಿಕೊಂಡೇ ಹೋದಳು. ಹೋಗಿ ಕೇರಿಯವರಿಗೆ ಹಂಚಿ, ತಾನೂ ಒಂದು ಜೊತೆ ಹಾಕಿಕೊಂಡು ಹಗ್ಗ ಹಿಡಿದಳು. ಹಂಪಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಬಾ" ಎಂದಳು, ಅಷ್ಟೇ.

ತೆಳ್ಳನೆಯ ಆ ಕೈಗವಸುಗಳು ಎರಡನೇ ದನಕ್ಕೇ ಹರಿದು ಚಿಂದಿಯಾದವು. ಹಗ್ಗ ಅಂಗೈ ಸುಲಿಯಿತು. ಮೊಣಕಾಲುದ್ದ ಕೆಸರಿನಲ್ಲಿ ಕಾಲು ಊರಿದಲ್ಲೆಲ್ಲ ಜಾಲಿಮುಳ್ಳು, ಒಡೆದ ಹಂಚು, ಗಾಜು. ಹೆಣದ ಚರ್ಮ ಸುಲಿದು ಕೈಗೆ ಅಂಟುತ್ತಿತ್ತು. ಬೇವಿನ ಎಲೆ ಮೂಗಿಗೆ ತುರುಕಿಕೊಂಡರೂ ವಾಸನೆ ಬಾಯಿಂದ ಒಳಗೆ ಹೋಗುತ್ತಿತ್ತು. ಮೂರನೆಯ ದನ ಒಂದು ಹಸು. ಸಮತಾ ನಿಲ್ಲಬಾರದ ಕಡೆ ನಿಂತಿದ್ದಳು. ಹೊಟ್ಟೆ ಒಡೆದು ಎದೆಯಿಂದ ಪಾದದತನಕ ಸುರಿಯಿತು. ಅವಳು ವಾಂತಿ ಮಾಡಿಕೊಂಡಳು. ಹಂಪಮ್ಮ ಸೆರಗಿನಿಂದ ಅವಳ ಮುಖ ಒರೆಸಿದಳು. ಆ ಸೆರಗೂ ಅದೇ ರಾಡಿಯಲ್ಲಿ ನೆಂದಿತ್ತು.

ಮೇಲೋಣಿಯ ಜನ ಮಾಳಿಗೆ ಹತ್ತಿ ನೋಡುತ್ತಿದ್ದರು. "ಅಲ್ಲೆ ಗ್ವಾಡಿಗೆ ತಗಲ್ತೈತಿ ನೋಡ್ರಲೇ", "ಆ ಕಡಿಂದ ಒಯ್ರಿ, ಈ ಕಡೆ ಅಂಗಳ ಸಾರಿಸೀವಿ" ಎಂದು ಮೇಲಿಂದಲೇ ದಾರಿ ಹೇಳುತ್ತಿದ್ದರು. ಅವರಲ್ಲಿ ಗಟ್ಟಿಮುಟ್ಟಾದ ಗಂಡಸರು ಇಪ್ಪತ್ತಾದರೂ ಇದ್ದರು. ಆ ದನಗಳ ಹಾಲು ಅಷ್ಟು ದಿನ ಕುಡಿದವರು ಅವರು. ಹೆಣಕ್ಕೆ ಮಾತ್ರ ಬೇರೆಯವರು.

ಸಂಜೆಯ ಹೊತ್ತಿಗೆ ಹತ್ತು ದನ ಊರಾಚೆ ತೋಡಿದ ಗುಂಡಿ ಸೇರಿದವು. ಹನ್ನೊಂದನೆಯದು ಸಾವ್ಕಾರನದೇ ಎಮ್ಮೆ, ಬಿದ್ದ ಗೋಡೆಯ ಕೆಳಗೆ ಸಿಕ್ಕಿಕೊಂಡಿತ್ತು. ನಾಳೆ ಗೋಡೆ ಸರಿಸಿ ತೆಗೆಯುವುದೆಂದಾಯಿತು.

ಸಮತಾ ಹಳ್ಳದಲ್ಲಿ ಎರಡು ಸೋಪು ಸವೆಸಿ ಮೈ ತೊಳೆದುಕೊಂಡು ಸಾವ್ಕಾರನ ಮನೆಗೆ ಊಟಕ್ಕೆ ಹೋದಳು. ಉಳಿದವರು ಒಳಗೆ ಸ್ಟೀಲು ತಟ್ಟೆಯಲ್ಲಿ ಉಣ್ಣುತ್ತಿದ್ದರು. ಸಾವ್ಕಾರನ ಹೆಂಡತಿ ಅನ್ನದಾನಮ್ಮ ಹೊಸ್ತಿಲಲ್ಲೇ ನಿಂತಿದ್ದಳು.

"ಅಲ್ಲೆ ಕಟ್ಟಿ ಕೆಳಗ ಕುಂದ್ರವಾ. ಗಾಳಿ ಚಲೋ ಬರ್ತೈತಿ."

ಕಾಗದದ ತಟ್ಟೆ ಬಂತು. ಅನ್ನ ಮೇಲಿಂದ ಬಿತ್ತು. ಅರುಣಕುಮಾರ್ ಕೈ ತೊಳೆಯಲು ಹೊರಗೆ ಬಂದವನು ನೋಡಿದ. ನೋಡಿಲ್ಲ ಎನ್ನುವಂತಿಲ್ಲ, ಎರಡು ಮಾರು ದೂರದಲ್ಲಿದ್ದ.

"ಅಡ್ಜಸ್ಟ್ ಮಾಡ್ಕೊಳ್ಳಿ ಸಿಸ್ಟರ್. ಇನ್ನೊಂದೇ ದಿನ. ನಮ್ಮಿಂದ ಇಲ್ಲಿ ಕರ್ತನ ಹೆಸರು ಕೆಡಬಾರದು."

ಸಮತಾಳಿಗೆ ಹಸಿವಾಗಿತ್ತು. ತಿಂದಳು. ತಿಂದದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು.

ಭಾನುವಾರ ಬೆಳಿಗ್ಗೆ ಎದ್ದು ಹೊರಗೆ ಬಂದರೆ ಕರಿ ಟಾಕಿ ಮೇಲೋಣಿಯ ಕಟ್ಟೆಯ ಮೇಲೆ ನಿಂತಿತ್ತು. ಚೆಂಡುಹೂವಿನ ಮಾಲೆ ಹಾಕಿದ್ದರು. ತುಂಬಿಸಿಯೂ ಆಗಿತ್ತು. ಮೇಲೋಣಿಯ ಹೆಂಗಸರು ಕೊಡ ಹಿಡಿದು ಸಾಲು ನಿಂತಿದ್ದರು.

ಸಮತಾ ಓಡಿದಳು. "ಬ್ರದರ್, ಇದೇನಿದು?"

"ಪಿಕಪ್ಪು ಕೆಸರಲ್ಲಿ ಇಳಿಯಲ್ಲ ಅಂದ್ರು. ಸದ್ಯಕ್ಕೆ ಇಲ್ಲಿರಲಿ. ಎಲ್ಲರೂ ಕುಡೀಬಹುದಲ್ವಾ? ಕರ್ತನ ನೀರಿಗೆ ಮೇಲೇನು, ಕೆಳಗೇನು."

ಟ್ಯಾಂಕರಿನ ಡ್ರೈವರ್ ಗವಿಸಿದ್ದೇಶ್ ಪೈಪು ಸುತ್ತುತ್ತಿದ್ದ. ಅವನಿಗೆ ಈ ಮಾತು ತಡೆಯಲಿಲ್ಲ. "ಯಾರಂದ್ರು ಇಳಿಯಂಗಿಲ್ಲ ಅಂತ? ನಿನ್ನೆ ಸಂಜಿಗೆ ಟಾಕಿ ಅಲ್ಲೇ ಐತಿ ಅಂತ ತಿಳದು ನನ್ನ ಟ್ಯಾಂಕರ್ರ ಕೇರಿಮಟ ಹೋಗಿ ಬಂದೈತಿ. ಇದರ ಮುಂದ ಪಿಕಪ್ಪು ಎಷ್ಟರದು?"

ಅರುಣಕುಮಾರ್ ಕೇಳಿಸದವನಂತೆ ಕುರ್ಚಿ ಹಾಕಿಸುವ ಕೆಲಸಕ್ಕೆ ಹೊರಟ. ಅವತ್ತು ಪಾದ ತೊಳೆಯುವ ಸೇವೆ ಇತ್ತು. ಯೇಸು ತನ್ನ ಹನ್ನೆರಡು ಮಂದಿ ಶಿಷ್ಯರ ಕಾಲು ತೊಳೆದ ಹಾಗೆ ತಂಡದ ಮುಂದಾಳು ಬಡವರ ಕಾಲು ತೊಳೆಯುವುದು. ಹನ್ನೆರಡು ಕುರ್ಚಿ, ಒಂದು ಹೊಳೆಯುವ ಬೋಗುಣಿ, ಬಿಳಿ ಟವೆಲು. ತಂಡದ ಹುಡುಗನೊಬ್ಬ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ನಿಲ್ಲಿಸಿದ. ಬೋಗುಣಿಗೆ ಟಾಕಿಯಿಂದಲೇ ನೀರು ತುಂಬಿದರು. ಕೇರಿಯ ಹನ್ನೆರಡು ಜನರನ್ನು ಕರೆಸಿದರು. ಟಾಕಿ ಕೊಡುತ್ತಾರೆಂದು ತಿಳಿದು ಅವರು ಖಾಲಿ ಕೊಡ ಹಿಡಿದೇ ಬಂದಿದ್ದರು. ಬಂದು ಟಾಕಿಯನ್ನು ಕಟ್ಟೆಯ ಮೇಲೆ ನೋಡಿದರು. ಹಂಪಮ್ಮ ಸಮತಾಳ ಮುಖ ನೋಡಿದಳು. ಸಮತಾಳಿಗೆ ಆ ನೋಟ ಎದುರಿಸಲಾಗಲಿಲ್ಲ.

"ಕೂತ್ಕೊಳ್ಳಿ, ಕೂತ್ಕೊಳ್ಳಿ" ಎಂದು ಅರುಣಕುಮಾರ್ ಕೂರಿಸಿದ. ಮೊದಲ ಕುರ್ಚಿಯಲ್ಲಿ ಹಂಪಮ್ಮ. ಅವನು ಬಿಳಿ ಜುಬ್ಬದ ತೋಳು ಮಡಚಿ ಮಂಡಿಯೂರಿದ. ಅವಳ ಕಾಲು ನೋಡಿದ.

ನಿನ್ನೆಯಿಂದ ಆ ಕಾಲಿಗೆ ಒಳ್ಳೆಯ ನೀರು ಬಿದ್ದಿರಲಿಲ್ಲ. ಹಳ್ಳದ ಕೆಸರಿನಲ್ಲಿ ಅದ್ದಿ ತೆಗೆದದ್ದಷ್ಟೆ. ಹಿಮ್ಮಡಿ ಸೀಳಿತ್ತು. ಹೆಬ್ಬೆರಳ ಪಕ್ಕ ಗಾಜು ಹೊಕ್ಕ ಗಾಯದಲ್ಲಿ ಕೀವು ಕಟ್ಟಿತ್ತು. ಉಗುರಿನೊಳಗೆ ಕೊಳೆತ ದನದ ರಾಡಿ ಕಪ್ಪಗೆ ಕೂತಿತ್ತು. ನೊಣ ಮುತ್ತಿತು. ಅರುಣಕುಮಾರ್ ಕೈ ಹಿಂದೆ ತೆಗೆದ. ಎದ್ದು ಸಮತಾಳ ಹತ್ತಿರ ಬಂದು ಮೆಲ್ಲಗೆ ಹೇಳಿದ.

"ಸಿಸ್ಟರ್, ಮೊದಲು ಇವರ ಕಾಲು ಚೆನ್ನಾಗಿ ತೊಳೆಸಿಬಿಡಿ. ಔಷಧಿ ನೀರು ಹಾಕಿ, ಸೋಪು ಹಾಕಿ. ಆಮೇಲೆ ನಾನು ತೊಳೀತೀನಿ."

ಸಮತಾಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮೈಯೆಲ್ಲ ಉರಿಯಿತು.

"ತೊಳೆದ ಕಾಲು ತೊಳೀತೀರಾ?"

"ವಿಡಿಯೋ ಹೊರದೇಶಕ್ಕೆ ಹೋಗುತ್ತೆ. ಹೀಗೆ ತೋರಿಸೋಕಾಗಲ್ಲ."

"ಇಲ್ಲ ಬ್ರದರ್."

"ಏನು ಇಲ್ಲ?"

"ತೊಳೆಸಾದಿಲ್ಲ." ಅವಳ ಬಾಯಿಂದ ಆಸ್ಪತ್ರೆಯ ಕನ್ನಡ ಬಿದ್ದುಹೋಯಿತು. "ಈ ಕಾಲು ಯಾಕ ಹಿಂಗಾಗ್ಯಾವು ಅಂತ ನಿಮಗ ಗೊತ್ತೈತಿ. ನೀವು ಹೇಳಿ ಕಳಿಸಿದ್ರಿ, ನಾ ಹೋಗಿ ಹೇಳಿದೆ. ಟಾಕಿ ಕೊಡ್ತೀವಿ ಅಂತ ಸುಳ್ಳು ಹೇಳಿ ಹೆಣ ಎಳೆಸೀವಿ ನಾವು. ತೊಳೀತೀರೇನು, ಹಿಂಗ ಇದ್ದಂಗ ತೊಳೀರಿ. ಇಲ್ಲಂದ್ರ ಎದ್ದು ಹೋಗ್ರಿ."

"ನಾಳೆ ಡ್ಯೂಟಿ ಇದೆ ಅಲ್ವಾ ಸಿಸ್ಟರ್ ನಿಮಗೆ?" ದನಿ ಏರಿಸಲಿಲ್ಲ ಅವನು. ನಗುತ್ತಲೇ ಕೇಳಿದ. ಸಮತಾಳ ಮನೆಯಲ್ಲಿ ಸಂಬಳ ತರುವವಳು ಅವಳೊಬ್ಬಳೇ. ಅದೂ ಅವನಿಗೆ ಗೊತ್ತಿತ್ತು.

ಇಷ್ಟರಲ್ಲಿ ಹಂಪಮ್ಮ ಕುರ್ಚಿಯಿಂದ ಎದ್ದಿದ್ದಳು.

"ಯಪ್ಪಾ, ಕಾಲು ತೊಳಿಯಾದು ಬ್ಯಾಡ ಬಿಡ್ರಿ. ನನ್ನ ಕಾಲು ನಾ ತೊಳಕೊಂತೀನಿ. ನೀವು ಸೇವಾ ಮಾಡಾಕಂತ ಅಷ್ಟು ದೂರದಿಂದ ಬಂದೀರಿ. ಅಲ್ಲೆ ಸಾವ್ಕಾರ್ರ ಗ್ವಾಡಿ ಕೆಳಗ ಒಂದು ಎಮ್ಮಿ ಉಳದೈತಿ. ಬರ್ರಿ, ಒಂದು ಕೈ ಹಚ್ರಿ. ಕೊಂಬಿನ ಕಡೆ ನೀವು ಹಿಡೀರಿ, ಎದಿ ಕಡೆ ನಾ ಹಿಡಿತೀನಿ. ಅದನ್ನೂ ಆ ಪೆಟ್ಟಿಗ್ಯಾಗ ಚಿತ್ರ ತಗೊಳ್ರಿ."

ಅರುಣಕುಮಾರ್ ತನ್ನ ಬಿಳಿ ಜುಬ್ಬ ನೋಡಿಕೊಂಡ. ಕೊಟ್ರಸ್ವಾಮಿಯ ಕಡೆ ನೋಡಿದ.

"ಅಮ್ಮಾ, ಅದು ಬೇರೆ, ಇದು ಬೇರೆ."

"ಹೆಂಗ ಬ್ಯಾರೆ? ಹೇಳ್ರಿ, ತಿಳಕೊಂತೀನಿ."

ಅವನು ಬಿಳಿ ಟವೆಲು ಮಡಚತೊಡಗಿದ. ಸಮತಾ ಸಿಟ್ಟಿನಲ್ಲಿ ಬೋಗುಣಿಗೆ ಕೈ ಹಾಕಿ ನೀರು ಚೆಲ್ಲಲು ಹೋದಳು. ಹಂಪಮ್ಮ ರಪ್ಪನೆ ಅವಳ ಕೈ ಹಿಡಿದಳು.

"ಹುಚ್ಚು ಹಿಡದೈತೇನಲೇ ನಿನಗ? ಕುಡಿಯಾ ನೀರು!"

ಬೋಗುಣಿಯ ನೀರನ್ನು ಒಂದು ಹನಿ ಬೀಳದ ಹಾಗೆ ಕೊಡಕ್ಕೆ ಬಗ್ಗಿಸಿಕೊಂಡಳು. ಕೊಡ ಅರ್ಧ ತುಂಬಿತು. ಅರ್ಧ ಕೊಡ ಹಿಡಿದು ಮನೆಗೆ ಹೋಗುವ ಹೆಂಗಸಲ್ಲ ಅವಳು. ಸೀದಾ ಕಟ್ಟೆಯ ಕಡೆ ನಡೆದಳು. ಸಾಲು ನಿಂತಿದ್ದ ಮೇಲೋಣಿಯ ಹೆಂಗಸರು ಮುಟ್ಟಿಸಿಕೊಳ್ಳಬಾರದೆಂದು ತಾವಾಗೇ ಸರಿದು ದಾರಿ ಬಿಟ್ಟರು. ಹಂಪಮ್ಮ ಮೂರು ಮೆಟ್ಟಿಲು ಹತ್ತಿದಳು. ಆ ರಾಡಿಗಾಲಿನಲ್ಲೇ ಹತ್ತಿದಳು. ಕೊಡ ಇಟ್ಟು, ನಲ್ಲಿ ಹಿಡಿದು, ತಿರುವಿದಳು. ನೀರು ಸುಂಯ್ ಎಂದು ಬಿತ್ತು.

ಸಮತಾ ಹಿಂದೆಯೇ ಹೋಗಿ ಎರಡನೆಯ ನಲ್ಲಿ ತಿರುವಿದಳು. ಆಮೇಲೆ ನಾಗಪ್ಪ ಬಂದ. ಆಮೇಲೆ ಉಳಿದವರು. ಕೊಡ ಮೇಲೆ ಕೊಡ ತುಂಬಿತು. ಯಾರೋ ಕೇರಿಗೆ ಓಡಿ ಹೇಳಿದರು. ಬಿಂದಿಗೆ, ಬಕೇಟು, ಅಡುಗೆಯ ಪಾತ್ರೆ, ಎಲ್ಲ ಬಂದವು.

ಮೇಲೋಣಿಯ ಹೆಂಗಸರು ತಾವು ಆಗಲೇ ಹಿಡಿದಿದ್ದ ನೀರನ್ನು ನೆಲಕ್ಕೆ ಸುರಿದರು. ಕೊಡ ಬೋರಲು ಹಾಕಿಕೊಂಡು ಮನೆಗೆ ಹೋದರು. ಅನ್ನದಾನಮ್ಮ ಹೋಗುವಾಗ ಹೊಸ್ತಿಲಿಗೆ ನೀರು ಚಿಮುಕಿಸಿ ಒಳಗೆ ಕಾಲಿಟ್ಟಳು.

ಕೊಟ್ರಸ್ವಾಮಿ ಕೂಗಾಡಲಿಲ್ಲ. ಕಾನೂನು ಬಲ್ಲವನು. ಕ್ಯಾಮೆರಾ ಇನ್ನೂ ನಡೆಯುತ್ತಿರುವುದನ್ನೂ ನೋಡಿದ್ದ. ಹಲ್ಲು ಕಚ್ಚಿ ನಗುತ್ತ ಅರುಣಕುಮಾರನಿಗೆ ಹೇಳಿದ.

"ಇರ್ಲಿ ಬಿಡ್ರಿ. ಟಾಕಿ ಅವರ ಒಯ್ಯಲಿ. ನಮ್ಮ ಹೆಣ್ಮಕ್ಕಳಿಗೆ ಈ ನೀರು ಒಗ್ಗಂಗಿಲ್ಲ. ನಾಳೆ ಹರಪನಹಳ್ಳಿಯಿಂದ ಬ್ಯಾರೆ ತರಸ್ತೀನಿ."

"ಒಯ್ಯಲಾ ಸಾವ್ಕಾರ್ರ? ಖರೇ?" ಹಂಪಮ್ಮ ಕಟ್ಟೆಯ ಮೇಲಿಂದಲೇ ಕೇಳಿದಳು.

"ಹೂಂ, ಒಯ್ರಿ. ಒಯ್ದು ಬಂದು ಆ ಎಮ್ಮಿ ತೆಗೀರಿ."

"ಎಮ್ಮಿ ನಿಮ್ಮದು ಸಾವ್ಕಾರ್ರ. ಕೈನೂ ಅದಾವು ನಿಮಗ. ಇಬ್ರು ಮಕ್ಕಳದಾರ, ಅವರಿಗೂ ಎರಡೆರಡು ಅದಾವು."

ಟಾಕಿ ಖಾಲಿಯಾಗಲು ಅರ್ಧ ತಾಸು ಹಿಡಿಯಿತು. ಖಾಲಿಯಾದ ಟಾಕಿಯನ್ನು ಎಂಟು ಜನ ಕಟ್ಟೆಯಿಂದ ಇಳಿಸಿ ಉರುಳಿಸಿಕೊಂಡು ಹೊರಟರು. ಸೋಸುವ ಪೆಟ್ಟಿಗೆಯನ್ನು ನಾಗಪ್ಪ ಹೆಗಲ ಮೇಲೆ ಹೊತ್ತ. ತಂಡದ ಹುಡುಗರು ಕುರ್ಚಿ ಮಡಚುತ್ತಿದ್ದರು. ಅರುಣಕುಮಾರ್ ಜೀಪಿನ ಬಾಗಿಲು ತೆಗೆದು ಕೂಗಿದ.

"ಸಿಸ್ಟರ್, ಹತ್ತಿ. ಹೊರಡೋಣ."

"ಮಕ್ಕಳಿಗೆ ಇನ್ನೂ ಭೇದಿ ನಿಂತಿಲ್ಲ" ಎಂದಳು ಸಮತಾ.

"ಈಗ ಹತ್ತಲಿಲ್ಲ ಅಂದ್ರೆ ಆಸ್ಪತ್ರೆಗೂ ಬರೋದು ಬೇಡ."

ಅವಳಿಗೆ ಅಪ್ಪನ ಮುಖ ಕಣ್ಣಿಗೆ ಬಂತು. ಏನು ಹೇಳುತ್ತಾನೋ ಮುದುಕ! ಅವಳು ಜೀಪಿನ ಹತ್ತಿರ ಹೋಗಿ ತನ್ನ ಬ್ಯಾಗು ಇಳಿಸಿಕೊಂಡಳು. ಔಷಧದ ಪೆಟ್ಟಿಗೆಯನ್ನೂ ಇಳಿಸಿಕೊಂಡಳು. ಯಾರೂ ತಡೆಯಲಿಲ್ಲ.

ಕೇರಿಯಲ್ಲಿ ಟಾಕಿ ನಾಲ್ಕು ಕಲ್ಲಿನ ಮೇಲೆ ನಿಂತಿತು. ಸ್ವಲ್ಪ ವಾಲಿತ್ತು, ಅಡಿಗೆ ಹಂಚಿನ ಚೂರು ಕೊಟ್ಟು ಸರಿ ಮಾಡಿದರು. "ನಾಳಿಂದ ನೀರು ಎಲ್ಲಿಗೆ ತರ್ತಿಯಪಾ?" ಎಂದು ಗವಿಸಿದ್ದೇಶನನ್ನು ಕೇಳಿದ್ದಕ್ಕೆ, "ಒಂದು ತಿಂಗಳು ಟಾಕಿ ತುಂಬು ಅಂತ ಹೇಳ್ಯಾರ. ಟಾಕಿ ಎಲ್ಲಿ ಐತಿ ಅಲ್ಲಿ ತುಂಬ್ತೀನಿ. ನನಗೇನು?" ಎಂದು ಅವತ್ತೇ ಇನ್ನೊಂದು ಸಲ ಪೈಪು ಹಾಕಿದ.

ಹಂಪಮ್ಮ ನಲ್ಲಿ ತಿರುವಿ ಬೊಗಸೆಯಲ್ಲಿ ಕುಡಿದಳು. ಮುಖಕ್ಕೆ ಹಾಕಿಕೊಂಡಳು. ಸಮತಾಳನ್ನು ಪಕ್ಕಕ್ಕೆ ಎಳೆದು ಕೂರಿಸಿ ಕಾಲು ಮುಂದೆ ಚಾಚಿದಳು. ಸಮತಾ ಗಾಯದಿಂದ ಗಾಜಿನ ಚೂರು ಕೀಳತೊಡಗಿದಳು. ಹಂಪಮ್ಮ ನೋವಿಗೆ ಹಲ್ಲು ಕಚ್ಚಿ, ಟಾಕಿಯನ್ನೇ ನೋಡುತ್ತ ಹೇಳಿದಳು.

"ಬೇಡಿದ್ರ ಕೊಡಲಿಲ್ಲ. ಹೆಣ ಎಳೆದ್ರ ಕೊಡಲಿಲ್ಲ. ಬರೇ ಮುಟ್ಟಿದ್ದಕ್ಕ ಬಿಟ್ಟು ಓಡಿದ್ರು ನೋಡು. ಇಷ್ಟು ಸಲೀಸು ಅಂತ ಗೊತ್ತಿದ್ರ, ಅವರ ಬೋರು, ಅವರ ಹೊಲ, ಮನಿ, ಎಲ್ಲಾ ಎಂದೋ ಮುಟ್ಟಿಕೋಂತ ಬರ್ತಿದ್ದೆ."

ಹೆಂಗಸರು ಕಿಸಕ್ಕನೆ ನಕ್ಕರು. ಆಮೇಲೆ ಒಬ್ಬೊಬ್ಬರದೇ ನಗು ನಿಂತಿತು. ಕೊಡ ಹಿಡಿದವರೆಲ್ಲ ತಲೆಯೆತ್ತಿ ಮೇಲೋಣಿಯ ಕಡೆ ನೋಡಿದರು.